ಹಲಗಿ ನಮ್ಮದು, ಸುದ್ದಿ ಯಾರದು?

ನಮ್ಮ ಮುತ್ಯಾ ಕೌಜಲಗಿಯಲ್ಲಿ ಡಂಗುರ ಸಾರುತ್ತಿದ್ದ. ನಾನು ಆ ದನಿ ಕೇಳಿದವನಲ್ಲ, ಆಯಿ ಹೇಳಿದ್ದನ್ನು ಕೇಳಿದವನು. ಹಲಗಿಯನ್ನು ಬೆಂಕಿಗೆ ಕಾಸಿ, ಅಗಸಿಯಿಂದ ಸುರು ಮಾಡಿ ಓಣಿ ಓಣಿ ತಿರುಗಿ "ಕೇಳ್ರಪ್ಪೋ ಕೇಳ್ರಿ" ಅಂತ ಕೂಗಿದರೆ ರೊಟ್ಟಿ ಬಡಿಯುವವರು, ದನ ಕಟ್ಟುವವರು ಕೈ ಬಿಟ್ಟು ಕೇಳುತ್ತಿದ್ದರಂತೆ. ಜಾತ್ರೆಯ ದಿನ, ತೆರಿಗೆ ಕಟ್ಟುವ ಗಡುವು, ಬಿಟ್ಟಿ ಕೆಲಸಕ್ಕೆ ಬರಬೇಕಾದವರ ಹೆಸರು ಎಲ್ಲವೂ ಅವನ ಬಾಯಿಂದಲೇ ಊರಿಗೆ ತಿಳಿಯಬೇಕು. ದನಿ ಪಡಸಾಲೆ ದಾಟಿ ಅಡಿಗೆಮನೆಯ ತನಕ ಹೋಗುತ್ತಿತ್ತು. ದನಿಯ ಮನುಷ್ಯ ಕಟ್ಟೆಯ ಕೆಳಗೆ ನಿಲ್ಲುತ್ತಿದ್ದ. "ಅವ ತನ್ನ ಮಾತು ಒಮ್ಮೆರೆ ಸಾರಿದ್ನೇನ ಆಯಿ?" ಎಂದು ಕೇಳಿದೆ. ಆಯಿ ನಕ್ಕಳು. "ಅವನ ಮಾತು ಯಾರಿಗೆ ಬೇಕಾಗಿತ್ತೋ ತಮ್ಮಾ. ಹಲಗಿ ನಮ್ದು, ಸುದ್ದಿ ಗೌಡ್ರದು."

ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ನಡೆಸುವ ಸಮುದಾಯ ಬಾನುಲಿಯ ಬಗ್ಗೆ ಸಂಭ್ರಮದ ಮಾತು ಕೇಳಿದಾಗಲೆಲ್ಲ ನನಗೆ ಆಯಿಯ ಈ ಮಾತು ನೆನಪಾಗುತ್ತದೆ. ದಲಿತ ವಿಮರ್ಶೆ ಅಚ್ಚಾದ ಪುಸ್ತಕವನ್ನಷ್ಟೇ ಓದಬೇಕು ಎಂಬ ನಿಯಮವೇನೂ ಇಲ್ಲ. ಯಾರು ಮಾತಾಡಬಹುದು, ಯಾವ ಕನ್ನಡದಲ್ಲಿ ಮಾತಾಡಬಹುದು, ಯಾವುದನ್ನು ಆಡಬಾರದು ಎಂದು ದಿನವೂ ತೀರ್ಮಾನ ಮಾಡುವ ಬಾನುಲಿ ಕೇಂದ್ರವೂ ನಾವು ಓದಬೇಕಾದ ಪಠ್ಯವೇ. ಅದಕ್ಕೆ ಬೇಕಾದ ಅಳತೆಗೋಲು ಡಂಗುರದಲ್ಲಿಯೇ ಇದೆ.

ಕನ್ನಡ ನಾಡಿನ ಬಾನುಲಿ ಹುಟ್ಟಿದ್ದೇ ಒಬ್ಬ ಮೇಷ್ಟ್ರ ಮನೆಯಲ್ಲಿ. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು 30 ವ್ಯಾಟ್‌ನ ಪ್ರೇಷಕವೊಂದರಿಂದ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದಲೇ ದೇಶಕ್ಕೆ ಹೋಯಿತು. ಅದು ದೊಡ್ಡ ಸಾಹಸ, ಅನುಮಾನವಿಲ್ಲ. ಆದರೆ ಹೆಸರನ್ನು ಸ್ವಲ್ಪ ನಿಂತು ನೋಡಬೇಕು. ಪುರಾಣದ ಆಕಾಶವಾಣಿ ಅಶರೀರವಾಣಿ. ಅದು ಮೇಲಿನಿಂದ ಬರುತ್ತದೆ, ಕಂಸನಂಥ ಅರಸರಿಗೆ ಭವಿಷ್ಯ ನುಡಿಯುತ್ತದೆ, ತಿರುಗಿ ಪ್ರಶ್ನೆ ಕೇಳುವವರಿಗೆ ಅಲ್ಲಿ ಜಾಗವಿಲ್ಲ. ಡಂಗುರ ಹಾಗಲ್ಲ. ಅದಕ್ಕೆ ಮೈ ಇದೆ, ತೊಗಲಿದೆ, ಆ ತೊಗಲಿಗೆ ಜಾತಿ ಇದೆ. ನಾವು 'ಬಾನುಲಿ' ಎಂದು ಅಚ್ಚಗನ್ನಡ ಮಾಡಿಕೊಂಡರೂ ದನಿ ಬಾನಿನಲ್ಲಿಯೇ ಉಳಿಯಿತು. ಅದನ್ನು ನೆಲಕ್ಕೆ ಇಳಿಸುವ ಕೆಲಸ ಸಮುದಾಯ ಬಾನುಲಿಯ ಪಾಲಿಗೆ ಬಂದಿದೆ.

ಇಳಿಸುವ ದಾರಿಯೂ ಸುಲಭದ್ದಾಗಿರಲಿಲ್ಲ. ಗಾಳಿಯಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು ಹೇಳಿದ್ದು 1995ರಲ್ಲಿ. ಸಾರ್ವಜನಿಕ ಬಾವಿ ಎಂದು ಹೇಳಿದ ಕೂಡಲೇ ಎಲ್ಲರೂ ನೀರು ಸೇದಿದರೇನು? ಇಲ್ಲಿಯೂ ಹಾಗೆಯೇ ಆಯಿತು. 2002ರ ಕೊನೆಗೆ ಸರಕಾರ ಮೊದಲು ಬಾಗಿಲು ತೆರೆದದ್ದು ಶಿಕ್ಷಣ ಸಂಸ್ಥೆಗಳಿಗೆ. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರ ಸುರುವಾಯಿತು. ಸ್ವಯಂಸೇವಾ ಸಂಸ್ಥೆಗಳಿಗೆ ಅವಕಾಶ ಸಿಕ್ಕಿದ್ದು 2006ರಲ್ಲಿ. ಅಂದರೆ ಅಕ್ಷರ ಬಲ್ಲವರ ಸರದಿ ಮೊದಲು, ಉಳಿದವರದು ಆಮೇಲೆ. ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ'ಯ ಹೆಣ್ಣುಮಕ್ಕಳು ಗಾಳಿಗೆ ಪರವಾನಗಿ ಇಲ್ಲದ ಆ ವರ್ಷಗಳಲ್ಲಿ ಕೇಬಲ್ ತಂತಿಯ ಮೂಲಕ ಮನೆಮನೆಗೆ ತಮ್ಮ ಕಾರ್ಯಕ್ರಮ ಮುಟ್ಟಿಸಿದರು. ಬೀದರದ ಗಡಿಯಾಚೆ ಜಹೀರಾಬಾದಿನ ಬಳಿಯ ಮಾಚನೂರಿನಲ್ಲಿ ದಲಿತ ಹೆಂಗಸರು ವರ್ಷಗಟ್ಟಲೆ ಧ್ವನಿಮುದ್ರಿಸಿ ಇಟ್ಟುಕೊಂಡು ಕಾದರು. ಅವರ 'ಸಂಘಂ ರೇಡಿಯೊ' ಗಾಳಿಗೆ ಬಂದದ್ದು 2008ರ ಅಕ್ಟೋಬರ್ 15ಕ್ಕೆ. ಕಾಲೇಜುಗಳಿಗೆ ಈ ಕಾಯುವಿಕೆ ಇರಲಿಲ್ಲ. ಕಾಯದೆ ಸಿಕ್ಕ ಮೈಕನ್ನು ಅವು ಯಾರ ಬಾಯಿಗೆ ಹಿಡಿದವು ಎಂಬುದು ಆದ್ದರಿಂದಲೇ ಮುಖ್ಯವಾಗುತ್ತದೆ.

ಇಲ್ಲಿ 'ಸಮುದಾಯ' ಎಂಬ ಶಬ್ದವನ್ನೇ ಹಿಡಿದು ನಿಲ್ಲಿಸಬೇಕಾಗಿದೆ. ಸರಕಾರಿ ಕಾಗದದಲ್ಲಿ ಅದು ಕೇಂದ್ರದ ಸುತ್ತ ಹತ್ತು ಹನ್ನೆರಡು ಕಿಲೋಮೀಟರು, 100 ವ್ಯಾಟ್ ಶಕ್ತಿ ಮುಟ್ಟುವಷ್ಟು ಜನ. ನಮ್ಮ ಕಡೆಯ ಮಾತಿನಲ್ಲಿ "ನಮ್ಮ ಸಮುದಾಯದವರು" ಅಂದರೆ ನಮ್ಮ ಜಾತಿಯವರು. ಕಾಗದದ ಅರ್ಥ ಜಾತಿಯನ್ನು ಮುಚ್ಚುತ್ತದೆ, ಆಡುಮಾತಿನ ಅರ್ಥ ಅದನ್ನೇ ಬಯಲಿಗಿಡುತ್ತದೆ. ನಾನು ಆಡುಮಾತನ್ನೇ ನಂಬುತ್ತೇನೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ಕುರಿತ ರಮ್ಯ ಕಲ್ಪನೆಯನ್ನು ಒಡೆದು ಹಾಕಿದರು. ಊರು ಒಂದೇ ಸಮುದಾಯ ಎಂದು ಹಿಡಿದು ಹೊರಟ ಬಾನುಲಿ ಆ ಮಾತನ್ನು ಕೇಳಿಸಿಕೊಂಡಿಲ್ಲವೆಂದೇ ಅರ್ಥ. 1954ರ ಅಕ್ಟೋಬರ್ 3ರಂದು ಆಕಾಶವಾಣಿಯಲ್ಲಿ ಮಾತಾಡಿದಾಗ ಅವರು ತಮ್ಮ ಜೀವನದರ್ಶನವನ್ನು ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಎಂಬ ಮೂರು ಮಾತುಗಳಲ್ಲಿ ಹೇಳಿದರು. ಅದನ್ನು ಬುದ್ಧನಿಂದ ಪಡೆದೆ ಎಂದರು. ಬಂಧುತ್ವ ಮೊದಲೇ ಇದ್ದದ್ದಲ್ಲ, ಕಟ್ಟಬೇಕಾದದ್ದು. ಕಾಲೇಜು ಬಾನುಲಿ ಇದ್ದ ಸಮುದಾಯಕ್ಕೆ ಸೇವೆ ಮಾಡುತ್ತದೋ, ಇಲ್ಲದ ಬಂಧುತ್ವವನ್ನು ಕಟ್ಟುತ್ತದೋ?

ಕಟ್ಟಿದ ಉದಾಹರಣೆ ಇಲ್ಲವೆಂದಲ್ಲ. ಬೆಂಗಳೂರಿನ ಜೈನ್ ಶಿಕ್ಷಣ ಸಂಸ್ಥೆಯಲ್ಲಿ 2007ರಲ್ಲಿ ಸುರುವಾದ 'ರೇಡಿಯೊ ಆಕ್ಟಿವ್' ಕಾಲೇಜಿನ ಗೋಡೆಯ ಹೊರಗಿನವರನ್ನು ಮೈಕಿನ ಮುಂದೆ ಕೂಡ್ರಿಸಿತು. ಕಸ ಆಯುವವರು, ಲೈಂಗಿಕ ಅಲ್ಪಸಂಖ್ಯಾತರು ತಮ್ಮ ಬದುಕಿನ ಮಾತನ್ನು ತಾವೇ ಆಡಿದರು. ಇದು ಸಣ್ಣದಲ್ಲ. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಮಾಚನೂರಿನಲ್ಲಿ ಯಂತ್ರದ ಗುಂಡಿ ಒತ್ತುವವಳು, ಯಾವುದು ಪ್ರಸಾರವಾಗಬೇಕೆಂದು ಕೂತು ಮಾತಾಡುವವಳು ದಲಿತ ಹೆಂಗಸು. ಕಾಲೇಜಿನಲ್ಲಿ ಪರವಾನಗಿ ಸಂಸ್ಥೆಯದು, ಕೋಣೆಯ ಕೀಲಿ ಸಂಸ್ಥೆಯದು. ವಿದ್ಯಾರ್ಥಿ ಮೂರು ವರ್ಷಕ್ಕೆ ಬಂದು ಹೋಗುವವನು, ಓಣಿಯಿಂದ ಬಂದವರು ಒಂದು ತಾಸಿನ ಅತಿಥಿಗಳು. 'ವಿದ್ಯಾರ್ಥಿಗಳೇ ನಡೆಸುವ' ಎಂಬ ಮಾತನ್ನು ಈ ಕೀಲಿಯ ಜತೆ ಇಟ್ಟು ಓದಬೇಕು.

ಇನ್ನು ಭಾಷೆ. ಪಾರಿಜಾತದ ಆಟದಿಂದ ಹೆಸರಾದ ಕೌಜಲಗಿ ನಿಂಗಮ್ಮನ ಊರು ನಮ್ಮದು. ರಾತ್ರಿ ಬೆಳತನಕ ಎತ್ತರದ ದನಿಯಲ್ಲಿ ಹಾಡುವವರಿಗೆ ಈ ಸೀಮೆಯಲ್ಲಿ ಎಂದೂ ಬರವಿಲ್ಲ. 'ಜಾನಪದ'ದ ಹೆಸರಿನಲ್ಲಿ ನಮ್ಮ ಹಾಡಿಗೆ ಬಾನುಲಿಯಲ್ಲಿ ಜಾಗ ಸಿಕ್ಕಿದೆ. ಮಾತಿಗೆ ಸಿಕ್ಕಿಲ್ಲ. ಎಂ.ಎ. ಮುಗಿಸಿದ ವರ್ಷ ನಾನು ಒಂದು ಕಡೆ ಧ್ವನಿಪರೀಕ್ಷೆಗೆ ಹೋಗಿದ್ದೆ. "ನಿಮ್ಮ ಮಹಾಪ್ರಾಣ ಸತ್ತೇಹೋಗಿದೆಯಲ್ಲ" ಅಂತ ನಕ್ಕು ಕಳಿಸಿದರು. ಕನ್ನಡಿಗರ ಸಹಜ ಮಾತಿನಲ್ಲಿ ಮಹಾಪ್ರಾಣವೇ ಇಲ್ಲ ಎಂಬ ಡಿ.ಎನ್. ಶಂಕರ ಭಟ್ಟರ ವಾದವನ್ನು ನಾನು ಓದಿದ್ದು ಆಮೇಲೆ. ಆ ದಿನ ಮಾತ್ರ ನಾಚಿಕೆಯಿಂದ ಬಸ್ಸು ಹತ್ತಿದೆ.

ಆ ನಾಚಿಕೆಯನ್ನು ನಾನೇ ಮುಂದಿನವರಿಗೆ ದಾಟಿಸಿದ್ದೇನೆ ಎಂಬುದನ್ನೂ ಹೇಳಬೇಕು. ನಾನು ಪಾಠ ಮಾಡುವ ಕಾಲೇಜಿನಲ್ಲಿ ಬಾನುಲಿ ಕೇಂದ್ರವಿಲ್ಲ. ವಿದ್ಯಾರ್ಥಿಗಳು ಮೊಬೈಲಿನಲ್ಲಿ ಧ್ವನಿಮುದ್ರಿಸಿ ತಂದು ತರಗತಿಯಲ್ಲಿ ಕೇಳಿಸುವ ಒಂದು ಪ್ರಯೋಗ ಮಾಡಿದೆವು. ಕೇರಿಯ ಹುಡುಗಿಯೊಬ್ಬಳು ಕಬ್ಬು ಕಡಿಯಲು ಹೋಗುವ ತನ್ನ ಅವ್ವನ ಮಾತು ತಂದಳು. ಕೇಳಿಸುವಾಗ ನೋಡಿದರೆ ಅವ್ವನ ದನಿಯೇ ಇಲ್ಲ! ಅವ್ವ ಹೇಳಿದ್ದನ್ನು ಇವಳೇ ಪುಸ್ತಕದ ಕನ್ನಡಕ್ಕೆ ತಿದ್ದಿ, ತನ್ನ ದನಿಯಲ್ಲಿ ಓದಿದ್ದಳು. ನಾನು "ಉಚ್ಚಾರ ಭಾಳ ಚಲೋ ಐತಿ" ಅಂತ ಮೆಚ್ಚಿದೆ. ಅವಳು ಹೊರಗೆ ಬಂದು ಮೆಲ್ಲಕೆ, "ಸರ್, ಅವ್ವನ ಮಾತು ಕೇಳಿದ್ರ ಎಲ್ಲಾರೂ ನಗತಿದ್ರು" ಎಂದಳು. ಧ್ವನಿಪರೀಕ್ಷೆ ಮಾಡಿದವರಿಗೂ ನನಗೂ ಏನು ಅಂತರ ಉಳಿಯಿತು?

ದೇವನೂರ ಮಹಾದೇವರ 'ಕುಸುಮಬಾಲೆ' ಬಂದದ್ದು 1984ರಲ್ಲಿ. ದೀಪ ಆರಿದ ಮೇಲೆ ಮನೆಮನೆಯ ಜೋತಮ್ಮಂದಿರು ಒಂದೆಡೆ ಕೂಡಿ ತಂತಮ್ಮ ಮನೆಯ ಕತೆ ಹೇಳಿಕೊಳ್ಳುತ್ತಾರಲ್ಲ, ಕನ್ನಡ ಸಾಹಿತ್ಯದ ನಿಜವಾದ ಸಮುದಾಯ ಬಾನುಲಿ ನನಗೆ ಅದೇ. ಅಚ್ಚಿನ ಕನ್ನಡದ ಬೆನ್ನುಮೂಳೆಯನ್ನು ಆ ಕಾದಂಬರಿ ನಂಜನಗೂಡಿನ ಕಡೆಯ ಮಾತಿನಿಂದ ಬಗ್ಗಿಸಿತು. ಇಷ್ಟು ವರ್ಷಗಳ ನಂತರವೂ ಮೈಕಿನ ಕನ್ನಡ ಬಗ್ಗಿಲ್ಲ. ಕಾರ್ಯಕ್ರಮಗಳು ಸ್ಥಳೀಯ ಭಾಷೆಯಲ್ಲಿ, ಆಡುನುಡಿಯಲ್ಲಿ ಇರಬೇಕೆಂದು ನಿಯಮವೇ ಹೇಳುತ್ತದೆ. ಅರ್ಧದಷ್ಟಾದರೂ ಸ್ಥಳೀಯರು ಪಾಲುಗೊಂಡು ಮಾಡಿದ್ದಾಗಿರಬೇಕು ಎಂದೂ ಹೇಳುತ್ತದೆ. ತಡೆಯುತ್ತಿರುವುದು ಕಾಯಿದೆಯಲ್ಲ, ನಮ್ಮೊಳಗೆ ಕೂತ ಮೇಷ್ಟ್ರು.

ಕಾಯಿದೆ ತಡೆಯುವುದು ಬೇರೆಯದನ್ನು: ಸುದ್ದಿಯನ್ನು. ಸಮುದಾಯ ಬಾನುಲಿಗೆ ಸ್ವಂತ ಸುದ್ದಿ ಬಿತ್ತರಿಸುವ ಹಕ್ಕಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ ಮರುಪ್ರಸಾರ ಮಾಡಬಹುದು. ಹವಾಮಾನ, ಪರೀಕ್ಷೆಯ ಫಲಿತಾಂಶ, ಕರೆಂಟು ನೀರಿನ ಮಾಹಿತಿ ಹೇಳಬಹುದು. ನಳಕ್ಕೆ ನೀರು ಎಷ್ಟು ಗಂಟೆಗೆ ಬರುತ್ತದೆ ಎಂಬುದು ಮಾಹಿತಿ. ಯಾವ ಓಣಿಗೆ ಬರಲಿಲ್ಲ, ಯಾಕೆ ಬರಲಿಲ್ಲ ಎಂದು ಕೇಳಲು ಹೊರಟರೆ ಅದು ಸುದ್ದಿಯಾಗಿಬಿಡುತ್ತದೆ. 1987ರಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ದಲಿತರಿಗೆ ಮಲ ತಿನ್ನಿಸಿದರು. ಅಂಥದೊಂದು ಇಂದು ಕೇಂದ್ರದ ಪಕ್ಕದ ಊರಿನಲ್ಲಿ ನಡೆದರೆ ಕಾಲೇಜಿನ ಹುಡುಗರು ಅದನ್ನು ಯಾವ ಹೆಸರಿನಲ್ಲಿ ಹೇಳಬೇಕು? ಆರೋಗ್ಯ ಮಾಹಿತಿಯೆಂದೋ, ಜಾನಪದವೆಂದೋ? ಆಯಿ ಹೇಳಿದ್ದು ಇಲ್ಲಿಗೆ ಬಂದು ನಿಲ್ಲುತ್ತದೆ. ದನಿ ನಮ್ಮದು, ಸುದ್ದಿ ಮತ್ತೆ ಬೇರೆಯವರದು.

ಹಾಗಾದರೆ ಕಾಲೇಜು ಬಾನುಲಿ ಬೇಡವೇ? ಖಂಡಿತ ಬೇಕು. ಮುತ್ಯಾನ ಹಲಗಿಯನ್ನು ನಾನು ಬಿಸಾಡಲಾರೆ. ಅದೇ ಹಲಗಿ ಮುಂದೆ ನಮ್ಮ ಮೆರವಣಿಗೆಗಳಲ್ಲಿ ನಮ್ಮ ಮಾತಿಗೂ ಬಾರಿಸಿತು. ನಾನು ಕೇಳುವುದು ಇಷ್ಟು. ಕಾರ್ಯಕ್ರಮ ತೀರ್ಮಾನಿಸುವ ಸಮಿತಿಯಲ್ಲಿ ಕೇರಿಯವರು ಅತಿಥಿಗಳಾಗಿ ಅಲ್ಲ, ಸದಸ್ಯರಾಗಿ ಕೂಡಬೇಕು. ಕೀಲಿ ಅವರ ಕೈಯಲ್ಲಿಯೂ ಇರಬೇಕು. ಧ್ವನಿಮುದ್ರಿಸಿದ್ದನ್ನು ಮೊದಲು ಕೇರಿಯಲ್ಲಿ ಕೂತು ಕೇಳಿಸಬೇಕು, ಅಲ್ಲಿ ಒಪ್ಪಿದ ಮೇಲೆಯೇ ಗಾಳಿಗೆ ಬಿಡಬೇಕು. ಸುದ್ದಿಯ ಹಕ್ಕಿಗಾಗಿ ವಿದ್ಯಾರ್ಥಿ ಸಂಘಟನೆಗಳು ಕೇಳುತ್ತಲೇ ಇರಬೇಕು. ಅಲ್ಲಿಯ ತನಕ ಬೂದಿಕೋಟೆಯವರಂತೆ ನಾವೂ ಪರವಾನಗಿಗೆ ಕಾಯದೆ ಸುರು ಮಾಡಬಹುದು.

ಆ ಹುಡುಗಿಗೆ ಈ ಸಲ ಅವ್ವನ ದನಿಯನ್ನೇ ಕೇಳಿಸೋಣ ಅಂದಿದ್ದೇನೆ. ನನ್ನ ಮೆಚ್ಚುಗೆ ತಪ್ಪಿತ್ತು ಎಂದೂ ಹೇಳಿದ್ದೇನೆ. "ಅವ್ವನ್ನ ಕೇಳಿ ಹೇಳ್ತೀನ್ರಿ ಸರ್" ಎಂದಿದ್ದಾಳೆ. ಇನ್ನೂ ಹೂಂ ಅಂದಿಲ್ಲ.