ಬಯಲಾಟ ಒಳಗೆ ಬಂತು, ಗಾಳಿ ಹೊರಗೇ ಉಳಿಯಿತು

ತೆಂಕುತಿಟ್ಟು ಯಕ್ಷಗಾನದ ‘ಶ್ರೀದೇವಿ ಮಹಾತ್ಮೆ’ಯಲ್ಲಿ ಮಹಿಷಾಸುರನ ಪ್ರವೇಶಕ್ಕೆ ಕಾಯದ ಪ್ರೇಕ್ಷಕನಿಲ್ಲ. ಸಭೆಯ ಹಿಂದಿನಿಂದ ಆರ್ಭಟೆ ಕೇಳಿಸುತ್ತದೆ. ದೊಂದಿಗೆ ರಾಳದ ಪುಡಿ ಎರಚಿದಾಗ ಬೆಂಕಿ ಭುಗಿಲೇಳುತ್ತದೆ. ಆ ಬೆಳಕಿನಲ್ಲಿ ಕೋಡಿನ ಮೋರೆ ಕಂಡ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ. ಕೊಯ್ಲಾದ ಗದ್ದೆಯಲ್ಲಿ ಬೆಳೆದ ಈ ತಂತ್ರಕ್ಕೆ ಸಾಟಿಯಾದದ್ದು ನಮ್ಮ ರಂಗಭೂಮಿಯಲ್ಲಿ ಹೆಚ್ಚಿಲ್ಲ. ನನ್ನ ತಕರಾರು ಅದರ ಮೇಲಲ್ಲ. ಅದೇ ಬೆಂಕಿಯನ್ನು ಬಾಗಿಲು ಮುಚ್ಚಿದ ಎಸಿ ಸಭಾಂಗಣಕ್ಕೆ ತಂದು, ಸಾಲದ್ದಕ್ಕೆ ಹೊಗೆಯಂತ್ರವನ್ನೂ ಇಟ್ಟು, ಮರುದಿನ ‘ಭಾಗವತರ ಸ್ವರ ಯಾಕೋ ಕೂಡಿಬರಲಿಲ್ಲ’ ಎಂದು ಬರೆಯುತ್ತೇವಲ್ಲ, ಆ ಪದ್ಧತಿಯ ಮೇಲೆ.

ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರು ಬೆಂಗಳೂರು, ಮುಂಬಯಿಗಳ ಸಭಾಂಗಣಗಳತ್ತ ಹೊರಡುವುದು ಈಗ ವಾಡಿಕೆ. ಇದರಿಂದ ಒಳ್ಳೆಯದೂ ಆಗಿದೆ. ಮಳೆಗಾಲದಲ್ಲೂ ಸಂಪಾದನೆಯಿದೆ, ಊರು ಬಿಟ್ಟವರಿಗೆ ಆಟ ಸಿಗುತ್ತದೆ, ಕಾಲಮಿತಿಯಿಂದಾಗಿ ಇಡೀ ರಾತ್ರಿ ನಿದ್ದೆಗೆಡಬೇಕಿಲ್ಲ. ಹಳೆಯ ಬಯಲೇನೂ ಕೊರಳಿಗೆ ಸ್ವರ್ಗವಾಗಿರಲಿಲ್ಲ. ಗ್ಯಾಸ್‌ಲೈಟಿನ ಸೀಮೆಎಣ್ಣೆ ವಾಸನೆ, ಗದ್ದೆಯ ಧೂಳು, ಬೆಳಗಿನ ಜಾವದ ಇಬ್ಬನಿ ಎಲ್ಲವೂ ಇದ್ದವು. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿಗೂ ಮುಟ್ಟುವಂತೆ ಏರುಶ್ರುತಿಯಲ್ಲೇ ಹಾಡಬೇಕಿತ್ತು. ಆದರೆ ಹೊಗೆಗೆ ಮಾತ್ರ ಆಕಾಶವೇ ದಾರಿಯಾಗಿತ್ತು.

ಸಭಾಂಗಣದಲ್ಲಿ ಆ ದಾರಿಯಿಲ್ಲ. ಪ್ರವೇಶ ಮುಗಿದು ಮಹಿಷ ರಂಗಸ್ಥಳ ಏರುವ ಹೊತ್ತಿಗೆ ಹೊಗೆ ಮಾಡಿನ ಕೆಳಗೆ ಚಪ್ಪರ ಹಾಕಿರುತ್ತದೆ. ಬಿಸಿಗಾಳಿಯೊಡನೆ ಮೇಲಕ್ಕೇರಿದ್ದು ತಣಿದು ಇಳಿಯುವಾಗ ಮೊದಲು ಸಿಗುವುದು ಎತ್ತರದ ಪೀಠದಲ್ಲಿ ಕುಳಿತ ಹಿಮ್ಮೇಳಕ್ಕೆ. ಎಸಿ ಇದೆಯಲ್ಲ, ಗಾಳಿ ಶುದ್ಧವಾಗುತ್ತದೆ ಎಂದು ಸಂಘಟಕರು ನಂಬಿರುತ್ತಾರೆ. ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದೇ ಇಲ್ಲ. ಇದ್ದ ಗಾಳಿಯನ್ನೇ ಎಳೆದು, ತಣಿಸಿ, ಅದರ ತೇವ ಹಿಂಡಿ ಮತ್ತೆ ಬಿಡುತ್ತದೆ. ಅದರ ಜಾಳಿಗೆ ದಪ್ಪ ಧೂಳನ್ನು ತಡೆಯುವುದಕ್ಕೆ ಇರುವಂಥದ್ದು, ಹೊಗೆಯ ಕಣ ಅದರಲ್ಲಿ ನಿಲ್ಲುವುದಿಲ್ಲ. ಹೀಗೆ ಹೊಗೆ ಹೋಗುವುದಿಲ್ಲ, ತೇವ ಮಾತ್ರ ಹೋಗುತ್ತದೆ. ಕೊರಳಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ.

ಧ್ವನಿತಂತುಗಳ ಮೇಲೆ ತೆಳುವಾದ ಲೋಳೆಯ ಲೇಪವಿರುತ್ತದೆ. ಏರುಸ್ವರದಲ್ಲಿ ಅವು ಸೆಕೆಂಡಿಗೆ 250 ಬಾರಿ ಬಡಿದುಕೊಂಡರೆ, ಹತ್ತು ನಿಮಿಷದ ಹಾಡಿಗೆ ಒಂದೂವರೆ ಲಕ್ಷ ಬಡಿತ. ಲೇಪ ಒಣಗಿದಷ್ಟೂ ಸ್ವರ ಹೊರಡಿಸಲು ಹೆಚ್ಚು ಉಸಿರಿನ ಒತ್ತಡ ಬೇಕು, ಒತ್ತಡ ಹೆಚ್ಚಿದಷ್ಟೂ ತಂತು ಊದಿಕೊಳ್ಳುತ್ತದೆ. ಸುಮ್ಮನೆ ಕುಳಿತವರ ಮೂಗು ಗಾಳಿಯನ್ನು ಸೋಸಿ, ಬೆಚ್ಚಗಾಗಿಸಿ, ತೇವಗೊಳಿಸಿ ಒಳಗೆ ಕಳಿಸುತ್ತದೆ. ಭಾಗವತರಿಗೆ ಆ ಪುರುಸೊತ್ತಿಲ್ಲ. ಪದ್ಯದ ಎರಡು ಸಾಲುಗಳ ನಡುವೆ ಬಾಯಲ್ಲೇ ಗಬಕ್ಕನೆ ಉಸಿರೆಳೆದುಕೊಳ್ಳಬೇಕು. ವೇಷಧಾರಿಯ ಪಾಡು ಇನ್ನೂ ಕಷ್ಟ. ಧೀಂಗಿಣ ಹೊಡೆದು ನಿಂತವನ ಎದೆ, ಕುಳಿತವನು ಎಳೆಯುವುದರ ಎಷ್ಟೋ ಪಾಲು ಹೆಚ್ಚು ಗಾಳಿ ಎಳೆಯುತ್ತಿರುತ್ತದೆ. ಆ ಏದುಸಿರಿನಲ್ಲೇ ಅರ್ಥ ಹೇಳಬೇಕು. ಸಭಾಂಗಣದ ಹೊಗೆಯನ್ನು ಹೆಚ್ಚು ನುಂಗುವವರು ಆಟ ಆಡುವವರೇ.

ರಾಳ ಮರದ ಅಂಟು, ಪ್ರಕೃತಿಯದ್ದು, ಏನೂ ಆಗದು ಎಂಬ ಸಮಾಧಾನ ವೇಷ ಕಟ್ಟುವ ಚೌಕಿಯಲ್ಲೂ ಕೇಳಿಬರುತ್ತದೆ. ಬೆಸುಗೆ ಕೆಲಸದಲ್ಲಿ ಬಳಸುವ ರೋಸಿನ್ ಕೂಡ ಮರದ ಅಂಟೇ. ಅದರ ಹೊಗೆಯಿಂದ ಕೆಲಸಗಾರರಿಗೆ ಆಸ್ತಮಾ ಬರುತ್ತದೆಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಆದರೂ ರಾಳದ ಪರವಾಗಿ ಒಂದು ಮಾತಿದೆ. ಅದು ಕ್ಷಣದಲ್ಲಿ ಉರಿದು ಮುಗಿಯುತ್ತದೆ, ಪಾತ್ರವನ್ನು ಕಟ್ಟಿಕೊಡುತ್ತದೆ. ಹೊಗೆಯಂತ್ರಕ್ಕೆ ಆ ಸಮರ್ಥನೆಯೂ ಇಲ್ಲ. ದೇವಲೋಕಕ್ಕೂ ಅದೇ ಹೊಗೆ, ಯುದ್ಧಕ್ಕೂ ಅದೇ ಹೊಗೆ, ಶೃಂಗಾರದ ಪದ್ಯಕ್ಕೂ ಅದೇ ಹೊಗೆ. ಕುಣಿತ, ಪದ್ಯ, ಮಾತುಗಳಿಂದಲೇ ಇಲ್ಲದ ಲೋಕವನ್ನು ಕಣ್ಣೆದುರು ನಿಲ್ಲಿಸುವ ಕಲೆಗೆ ಇದು ಸಿನಿಮಾದಿಂದ ತಂದ ಕಡ. ಯಂತ್ರ ಕಾಯಿಸಿ ಚಿಮ್ಮಿಸುವ ದ್ರವದಲ್ಲಿ ಸಾಮಾನ್ಯವಾಗಿ ಇರುವುದು ಗ್ಲೈಕಾಲ್. ತೇವ ಹೀರುವುದು ಅದರ ಗುಣ.

ನ್ಯೂಯಾರ್ಕಿನ ಬ್ರಾಡ್‌ವೇ ನಟರು ರಂಗದ ಹೊಗೆಯಿಂದ ಕೊರಳು ಕೆಡುತ್ತದೆಂಬ ದೂರನ್ನು ಎತ್ತಿದಾಗ ಅಲ್ಲಿ ಅದು ಗೊಣಗಾಟವಾಗಿ ಮುಗಿಯಲಿಲ್ಲ. ಮೌಂಟ್ ಸಿನೈ ವೈದ್ಯಕೀಯ ಶಾಲೆಯವರೂ ಸೇರಿ ನಟರ ಗಂಟಲು, ಧ್ವನಿತಂತುಗಳನ್ನು ಪರೀಕ್ಷಿಸಿ 2000ರಲ್ಲಿ ವರದಿ ಕೊಟ್ಟರು. ಗ್ಲೈಕಾಲ್ ಹೊಗೆ ಘನ ಮೀಟರ್ ಗಾಳಿಗೆ 40 ಮಿಲಿಗ್ರಾಂ ದಾಟಬಾರದೆಂಬ ಮಿತಿ ಬಂದದ್ದು ಹಾಗೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮನರಂಜನಾ ಉದ್ಯಮದ ಕೆಲಸಗಾರರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೂ ಗ್ಲೈಕಾಲ್ ಹೊಗೆಗೂ ಕೆಮ್ಮು, ಗಂಟಲು ಒಣಗುವುದಕ್ಕೂ ನಂಟು ಕಂಡಿತು. ನಾವು ಅಷ್ಟು ದೂರ ಹೋಗಬೇಕಿಲ್ಲ, ಧ್ವನಿ ಚಿಕಿತ್ಸೆಯ ದೊಡ್ಡ ಸಂಸ್ಥೆ 1965ರಿಂದ ನಮ್ಮ ಮೈಸೂರಿನಲ್ಲೇ ಇದೆ. ಕೊರಳು ಕೆಟ್ಟ ಮೇಲೆ ಹೋಗುವ ಜಾಗವೆಂದಷ್ಟೇ ಅದನ್ನು ನೋಡದೆ, ಮೇಳಗಳೂ ಸಂಘಟಕರೂ ಮೊದಲೇ ಹೋಗಿ ಸಲಹೆ ಕೇಳಬಹುದು.

ಎಲ್ಲ ಪಾಪವನ್ನೂ ಗಾಳಿಯ ತಲೆಗೆ ಕಟ್ಟಲಾಗದು. ನಿದ್ದೆಗೇಡು, ಹೊತ್ತಲ್ಲದ ಊಟದ ಹುಳಿತೇಗು, ಹೊಗೆಸೊಪ್ಪು, ಒಂದೇ ದಿನ ಎರಡು ಕಡೆ ಆಟ ಒಪ್ಪಿಕೊಳ್ಳುವ ಧಾವಂತ ಇವೂ ಸ್ವರವನ್ನು ಕೆಡಿಸುತ್ತವೆ. ಅವುಗಳ ಬಗ್ಗೆ ಕಲಾವಿದರಿಗೆ ಬುದ್ಧಿ ಹೇಳುವವರು ಬೇಕಾದಷ್ಟಿದ್ದಾರೆ. ಸಭಾಂಗಣದ ಗಾಳಿ ಮಾತ್ರ ಕಲಾವಿದರ ಕೈಯಲ್ಲಿಲ್ಲ, ಹಾಗಾಗಿ ಯಾರ ಜವಾಬ್ದಾರಿಯೂ ಆಗಿಲ್ಲ. ನಮ್ಮ ವಿಮರ್ಶೆ ರಾಗ ತಪ್ಪಿದ್ದನ್ನು ಹಿಡಿಯುತ್ತದೆ, ಮೈಕ್ ಕೀರಲಿದ್ದನ್ನು ಹಿಡಿಯುತ್ತದೆ. ಭಾಗವತರು ಪದ್ಯದ ನಡುವೆ ಮೈಕಿನಿಂದ ಮುಖ ತಿರುಗಿಸಿ ಕೆಮ್ಮಿ, ಫ್ಲಾಸ್ಕಿನ ಬಿಸಿನೀರು ಗುಟುಕರಿಸಿ, ಮುಂದಿನ ಪದ್ಯವನ್ನು ತಗ್ಗಿನಲ್ಲೇ ಸಾಗಿಸಿದ್ದನ್ನು ಕಂಡೂ ಕಾರಣ ಕೇಳುವುದಿಲ್ಲ. ಹಾಡನ್ನು ಅಳೆಯುವವರು ಹಾಡಿದ ಜಾಗವನ್ನೂ ಅಳೆಯಬೇಕು.

ಪರಿಹಾರ ದುಬಾರಿಯೇನಲ್ಲ. ಹೊಗೆಯಂತ್ರವನ್ನು ಯಕ್ಷಗಾನದಿಂದ ಪೂರ್ತಿ ಬಿಡಬಹುದು, ಕಲೆಗೆ ನಷ್ಟವಿಲ್ಲ. ಒಳಾಂಗಣದಲ್ಲಿ ರಾಳ ಬೇಕೇ ಬೇಕೆಂದರೆ ಮಾಡಿನ ಹತ್ತಿರ ಹೊಗೆ ಹೊರಹಾಕುವ ಫ್ಯಾನ್ ಓಡುತ್ತಿರಲಿ, ಪ್ರವೇಶದ ಹೊತ್ತು ಬಾಗಿಲುಗಳು ತೆರೆದಿರಲಿ. ಚಳಿ ಹುಟ್ಟಿಸುವಷ್ಟು ಎಸಿ ಬೇಡ, ಅದರ ಗಾಳಿ ಹಿಮ್ಮೇಳದ ಮುಖಕ್ಕೆ ನೇರ ಹೊಡೆಯುವುದಂತೂ ಬೇಡವೇ ಬೇಡ. ಸಭಾಂಗಣ ಗೊತ್ತುಮಾಡುವಾಗ ಸಂಘಟಕರು ಕುರ್ಚಿ ಎಷ್ಟು, ಪಾರ್ಕಿಂಗ್ ಎಲ್ಲಿ, ಎಸಿ ಉಂಟೋ ಎಂದು ಕೇಳುತ್ತಾರೆ. ಹೊಗೆ ಹೋಗಲು ದಾರಿ ಉಂಟೋ ಎಂದೂ ಕೇಳಲಿ. ಇಲ್ಲವೆಂದಾದರೆ ಆ ದಿನ ದೊಂದಿ ಬೇಡ; ಮಹಿಷನ ಆರ್ಭಟೆ, ಚೆಂಡೆಯ ಪೆಟ್ಟು ಇವೆರಡೇ ಸಭೆಯನ್ನು ನಡುಗಿಸಲು ಸಾಕು.