ಎರಡು ತಂತಿ, ಒಂದು ಎಚ್ಚರ

ಕಿಬ್ಬನಹಳ್ಳಿ ಸುತ್ತಿನ ತೋಟಗಳ ಉಂಡೆ ಕೊಬ್ಬರಿಗೆ ತಿಪಟೂರು ಮಾರುಕಟ್ಟೆಯಲ್ಲಿ ಬೆಲೆ ಗೊತ್ತಾಗುವುದು ಈಗ ಇ-ಟೆಂಡರ್‌ನಲ್ಲಿ. ವರ್ತಕರು ದರ ನಮೂದಿಸುವ ಹೊತ್ತಿಗೆ ಸಂಪರ್ಕ ಕಡಿದರೆ ಪೇಚಾಡುವವನು ರೈತ. ಇಂಥ ತಡೆಯಾಗಬಾರದ ಕೆಲಸಕ್ಕೆ ಸರ್ವರ್‌ಗಳಲ್ಲಿ ಬಾಂಡಿಂಗ್ ಎಂಬ ಸೊಗಸಾದ ಏರ್ಪಾಡಿದೆ: ಎರಡು ನೆಟ್‌ವರ್ಕ್ ಕಾರ್ಡ್‌ಗಳನ್ನು ಸೇರಿಸಿ ಒಂದೇ ಎಂಬಂತೆ ನಡೆಸುವುದು, ಒಂದು ಕೈಕೊಟ್ಟರೆ ಇನ್ನೊಂದು ಹೊರೆ ಹೊರುವುದು.

ಅದರ ಹೆಚ್ಚುಗಾರಿಕೆ ಇರುವುದು ಕಾವಲಿನಲ್ಲಿ. ಲಿನಕ್ಸ್‌ನ ಎಂಐಐ ತಪಾಸಣೆಯನ್ನು ಸಾಮಾನ್ಯವಾಗಿ 100 ಮಿಲಿಸೆಕೆಂಡಿಗೆ ಇಡುತ್ತಾರೆ. ಅಂದರೆ ಸೆಕೆಂಡಿಗೆ 10 ಸಲ ಕೇಬಲ್‌ನಲ್ಲಿ ಜೀವವಿದೆಯೇ ಎಂದು ಅದು ನೋಡುತ್ತದೆ. ಆದರೆ ಅದಕ್ಕೆ ಕಾಣುವುದು ಪಕ್ಕದ ಸ್ವಿಚ್‌ವರೆಗೆ ಮಾತ್ರ. ಕಿಬ್ಬನಹಳ್ಳಿಯ ಕೆ.ಬಿ. ಕ್ರಾಸಿನಲ್ಲಿ ರಸ್ತೆ ತೆರವಾಗಿದೆ ಎಂದ ಮಾತ್ರಕ್ಕೆ ತುರುವೇಕೆರೆವರೆಗೂ ದಾರಿ ಸರಿಯಿದೆ ಎಂದಾಗದು. ಅದಕ್ಕೇ ಎಆರ್‌ಪಿ ತಪಾಸಣೆ: ಸ್ವಿಚ್‌ನ ಆಚೆಯ ವಿಳಾಸವೊಂದನ್ನು ನಿಗದಿತ ಅವಧಿಗೊಮ್ಮೆ ವಿಚಾರಿಸಿ, ಉತ್ತರ ಬರುತ್ತಿದ್ದರೆ ಕೊಂಡಿಯನ್ನು ನಂಬುತ್ತದೆ. ಇಂಥ 16 ವಿಳಾಸಗಳವರೆಗೆ ಕೊಡಬಹುದು.

ನನಗೆ ಅತ್ಯಂತ ಪ್ರಿಯವಾದದ್ದು ಎಂಐಐ ಜೊತೆಗಿರುವ ‘ಅಪ್‌ಡಿಲೇ’. ಈಗಷ್ಟೇ ಚಾಲೂ ಆದ ಸ್ವಿಚ್ ಸಿಗ್ನಲ್ ತೋರಿಸಿದರೂ ದತ್ತಾಂಶ ಸಾಗಿಸಲು ಇನ್ನೂ ಸಿದ್ಧವಾಗಿರದೆ ಇರಬಹುದು. ಹಾಗಾಗಿ ಮರಳಿ ಬಂದ ಕೊಂಡಿಗೆ ಕೂಡಲೇ ಕೆಲಸ ಒಪ್ಪಿಸದೆ ಕೊಂಚ ಕಾಯುತ್ತದೆ. ಅನುಭವದಿಂದ ಮಾಗಿದವರ ವಿವೇಕ ಇದು.

ಯಾವ ಕಾರ್ಡಿನ ಕೊಂಡಿ ಎಷ್ಟು ಸಲ ಕಡಿಯಿತು ಎಂಬ ಲೆಕ್ಕವನ್ನೂ ಬಾಂಡಿಂಗ್ ಇಡುತ್ತದೆ. ಆ ಲೆಕ್ಕವನ್ನು ತಪ್ಪದೆ ಓದಿ, ಎರಡನೆಯದೂ ಬೀಳುವ ಮೊದಲೇ ಕೆಟ್ಟ ಕೇಬಲ್ ಬದಲಿಸುವ ಸಿಬ್ಬಂದಿಗೂ ನನ್ನ ಮೆಚ್ಚುಗೆಯಲ್ಲಿ ಸಮಪಾಲಿದೆ.