ಹೊಸ ಅಲೆಗೆ ಹಾಡಿರಲಿಲ್ಲವೇ?

ಕನ್ನಡದಲ್ಲಿ ‘ಹೊಸ ಅಲೆ’ ಎಂದರೆ ಯಾರಿಗೂ ಮೊದಲು ಸಂಗೀತ ನೆನಪಾಗುವುದಿಲ್ಲ. ಸಂಸ್ಕಾರ, ವಂಶವೃಕ್ಷ, ಕಾಡು, ಚೋಮನ ದುಡಿ, ಘಟಶ್ರಾದ್ಧ ಎಂದು ಸಿನಿಮಾಗಳ ಹೆಸರು ಸಾಲಾಗಿ ಬರುತ್ತವೆ. ತರಗತಿಗಳಲ್ಲಿ ಆ ಚಿತ್ರಗಳ ಜಾತಿಪ್ರಶ್ನೆಯನ್ನು ಚರ್ಚಿಸುತ್ತೇವೆ, ಕಾದಂಬರಿಗೂ ಚಿತ್ರಕ್ಕೂ ಇರುವ ವ್ಯತ್ಯಾಸದ ಮೇಲೆ ಸೆಮಿನಾರಿಗೆ ಪ್ರಬಂಧ ಬರೆಯುತ್ತೇವೆ. ಸಂಗೀತದ ಮಾತು ಬಂದರೆ ಒಂದೇ ವಾಕ್ಯದಲ್ಲಿ ಮುಗಿಸುತ್ತೇವೆ: ಈ ಚಿತ್ರಗಳಲ್ಲಿ ಹಾಡುಗಳಿರಲಿಲ್ಲ. ನಾನೂ ಈ ವಾಕ್ಯವನ್ನು ಕೇಳುತ್ತಲೇ ಎಂ.ಎ. ಮುಗಿಸಿದೆ. ಅದು ಸುಳ್ಳಲ್ಲ. ಆದರೆ ಹಾಡು ಇಲ್ಲದಿರುವುದೂ ಸಂಗೀತ ಇಲ್ಲದಿರುವುದೂ ಒಂದೇ ಎಂದು ಅದು ನಮ್ಮನ್ನು ನಂಬಿಸುತ್ತದೆ. ನನ್ನ ತಕರಾರು ಅಲ್ಲಿದೆ.

ಇಂಗ್ಲಿಷಿನಲ್ಲಿ ‘ನ್ಯೂ ವೇವ್’ ಎಂದರೆ ಸಂಗೀತವೂ ಹೌದು. ಆ ಹೆಸರೂ ಸಿನಿಮಾದಿಂದಲೇ ಬಂದ ಸಾಲ. 1957ರಲ್ಲಿ ಫ್ರಾನ್ಸಿನ ‘ಲೆಕ್ಸ್‌ಪ್ರೆಸ್’ ವಾರಪತ್ರಿಕೆಯಲ್ಲಿ ಫ್ರಾನ್ಸ್‌ವಾಜ್ ಜಿರೂ ಅಲ್ಲಿನ ಯುವ ಪೀಳಿಗೆಯ ಬಗ್ಗೆ ಬಳಸಿದ ಮಾತು ತ್ರುಫೋ, ಗೊದಾರ್ ಮುಂತಾದವರ ಚಿತ್ರಗಳಿಗೆ ಅಂಟಿಕೊಂಡಿತು. ಅದಾಗಿ ಎರಡು ದಶಕಗಳ ಮೇಲೆ ಬ್ರಿಟನ್ನಿನ ಸಂಗೀತ ಪತ್ರಿಕೆಗಳೂ ನ್ಯೂಯಾರ್ಕಿನ ಸೈರ್ ರೆಕಾರ್ಡ್ಸ್‌ನ ಸೀಮೋರ್ ಸ್ಟೈನ್ ಥರದ ಚತುರ ವ್ಯಾಪಾರಿಗಳೂ ಅದನ್ನು ರಾಕ್ ಸಂಗೀತಕ್ಕೆ ತಂದರು. ‘ಪಂಕ್’ ಎಂಬ ಹೆಸರಿಗೆ ರೇಡಿಯೋದವರು ಹೆದರುತ್ತಿದ್ದರು. ‘ಹೊಸ ಅಲೆ’ ಎಂದರೆ ಮರ್ಯಾದೆಯ ಹೆಸರು, ಮಾರಲು ಸುಲಭ. ಹುಟ್ಟಿನಲ್ಲೇ ಇಷ್ಟು ವ್ಯಾಪಾರ ಬೆರೆತ ಹೆಸರನ್ನು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಸ್ವಲ್ಪ ಅನುಮಾನದಿಂದಲೇ ನೋಡುವುದು ಒಳ್ಳೆಯದು.

ಹೆಸರು ಹೇಗೇ ಬಂದಿರಲಿ, ಅದರ ಹಿಂದಿದ್ದ ಸಂಗೀತಕ್ಕೆ ಒಂದು ನಡೆ ಇತ್ತು. ಪಂಕ್‌ನವರು ಮೊದಲು ಬೇಡ ಅಂದರು. ಹತ್ತು ನಿಮಿಷದ ಗಿಟಾರ್ ಆಲಾಪ ಬೇಡ, ಸ್ಟುಡಿಯೋದ ನಯ ಬೇಡ, ತರಬೇತಾದ ಕಂಠ ಬೇಡ. ಮೂರು ಕಾರ್ಡ್, ಎರಡು ನಿಮಿಷ, ಮುಗಿಯಿತು. ಅವರ ಬೆನ್ನಿಗೇ ಬಂದ ಹೊಸ ಅಲೆಯವರು ಆ ‘ಬೇಡ’ವನ್ನು ಮರೆಯದೆ, ಹೊರಗೆ ಹಾಕಿದ್ದರಲ್ಲಿ ಕೆಲವನ್ನು ಬೇರೆ ಬಾಗಿಲಿನಿಂದ ಒಳಗೆ ಕರೆದುಕೊಂಡರು: ಕುಣಿತದ ತಾಳ, ರೆಗ್ಗೆ, ಸಿಂಥಸೈಜರ್, ತಮಾಷೆ. 1975ರಲ್ಲಿ ಶುರುವಾದ ಟಾಕಿಂಗ್ ಹೆಡ್ಸ್ ತಂಡವನ್ನು ಕಟ್ಟಿದವರು ಚಿತ್ರಕಲಾ ಶಾಲೆಯಲ್ಲಿ ಓದಿದವರು. ಡೇವಿಡ್ ಬರ್ನ್ ಹಾಡುವುದು ಕೇಳಿದರೆ ಯಾರೋ ಗುಮಾಸ್ತ ತಡವರಿಸುತ್ತಾ ತನ್ನ ಕಷ್ಟ ಹೇಳಿಕೊಳ್ಳುತ್ತಿರುವಂತಿರುತ್ತದೆ. 1980ರ ‘ರಿಮೇನ್ ಇನ್ ಲೈಟ್’ ಹೊತ್ತಿಗೆ ಅವರು ಪಶ್ಚಿಮ ಆಫ್ರಿಕಾದ ತಾಳಗಳ ಮೇಲೆ ಇಡೀ ಆಲ್ಬಂ ಕಟ್ಟಿದರು. ಮೊದಲು ನಿರಾಕರಣೆ, ಆಮೇಲೆ ಎಚ್ಚರದ ಮರುಪ್ರವೇಶ: ಈ ಎರಡು ಹೆಜ್ಜೆ ಕೂಡಿದಾಗಲೇ ಅದು ಹೊಸ ಅಲೆ. ಸಿಂಥಸೈಜರ್, ವಿಚಿತ್ರ ಕೇಶವಿನ್ಯಾಸ ಎಲ್ಲ ಆಮೇಲಿನ ಅಲಂಕಾರ.

ಈ ಎರಡು ಹೆಜ್ಜೆಗಳನ್ನು ಕನ್ನಡದಲ್ಲಿ ಹುಡುಕಿದರೆ ಮೊದಲನೆಯದು ಸಿಗುವುದು ಸಂಗೀತದಲ್ಲಲ್ಲ, ಕಾವ್ಯದಲ್ಲಿ. ನವೋದಯದ ಕವಿತೆ ಹಾಡಾಗಲು ಕಾಯುತ್ತಿದ್ದ ಕವಿತೆ. ಪಿ. ಕಾಳಿಂಗರಾಯರು ಅದನ್ನು ಊರೂರಿಗೆ ಮುಟ್ಟಿಸಿದರು. ನವ್ಯರು ಈ ಗೇಯತೆಯನ್ನೇ ಸಂಶಯದಿಂದ ನೋಡಿದರು. ಮಾಧುರ್ಯ ಎಂಬುದು ಅನುಭವದ ಒರಟನ್ನು ಮುಚ್ಚುವ ಮೆರುಗು ಎಂಬ ಭಾವನೆ ಅವರದು. ಆದರೂ ಅಡಿಗರು 1954ರಲ್ಲಿ ತಮ್ಮ ಸಂಕಲನಕ್ಕೆ ಇಟ್ಟ ಹೆಸರು ‘ಚಂಡೆಮದ್ದಳೆ’. ಯಕ್ಷಗಾನದ ಎರಡು ಚರ್ಮವಾದ್ಯಗಳು. ಲಯವನ್ನು ಇಟ್ಟುಕೊಂಡು ರಾಗವನ್ನು ಕೈಬಿಟ್ಟ ಕಾವ್ಯಕ್ಕೆ ಇದಕ್ಕಿಂತ ಸರಿಯಾದ ಹೆಸರು ಸಿಗುತ್ತಿರಲಿಲ್ಲ. ನವ್ಯದ ಚರ್ಚೆಯಲ್ಲಿ ಆ ಶೀರ್ಷಿಕೆಯನ್ನು ನಾವು ಪ್ರತಿಮೆ ಎಂದು ಓದುತ್ತೇವೆ. ಅದನ್ನು ವಾದ್ಯ ಎಂದೇ ಓದಿದರೂ ನಷ್ಟವಿಲ್ಲ.

1970ರ ‘ಸಂಸ್ಕಾರ’ ಮಾಡಿದವರು ಈ ಮನೋಧರ್ಮದವರೇ. ಕಾದಂಬರಿ ಅನಂತಮೂರ್ತಿಯವರದು, ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನಾದವರು ಗಿರೀಶ ಕಾರ್ನಾಡ, ನಾರಣಪ್ಪನಾದವರು ಲಂಕೇಶ್. ಸಂಗೀತ ಕೊಟ್ಟ ರಾಜೀವ ತಾರಾನಾಥರು ಅಲಿ ಅಕ್ಬರ್ ಖಾನರ ಶಿಷ್ಯರಾದ ಸರೋದ್ ವಾದಕರು, ಜೊತೆಗೆ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರು. ಆ ಕಾಲದ ಕನ್ನಡ ಚಿತ್ರಗೀತೆ ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ ತುಂಬು ವಾದ್ಯವೃಂದದೊಂದಿಗೆ ಧ್ವನಿಮುದ್ರಣವಾಗುತ್ತಿತ್ತು. ಅದನ್ನು ಹೀಯಾಳಿಸುವ ಅಗತ್ಯವಿಲ್ಲ; ವಿಜಯಭಾಸ್ಕರ್ 1967ರ ‘ಬೆಳ್ಳಿಮೋಡ’ದಲ್ಲಿ ಬೇಂದ್ರೆಯವರ ಕವಿತೆಯನ್ನು ಸಿನಿಮಾಕ್ಕೆ ತಂದದ್ದು ಸಣ್ಣ ಸಾಧನೆಯಲ್ಲ. ಆದರೆ ‘ಸಂಸ್ಕಾರ’ದ ತಂಡಕ್ಕೆ ಆ ದಾರಿ ಬೇಡವಾಗಿತ್ತು. ಕೊಳೆಯುತ್ತಿರುವ ಹೆಣವೊಂದು ಅಗ್ರಹಾರದಲ್ಲಿ ಬಿದ್ದಿರುವಾಗ ಯಾರು ಹಾಡುತ್ತಾರೆ? ಚಿತ್ರ ಆ ಮೌನವನ್ನು ಪಿಟೀಲಿನಿಂದ ತುಂಬಿಸಲು ಹೋಗಲಿಲ್ಲ. ಇದು ನಮ್ಮ ‘ಬೇಡ’ದ ಘಟ್ಟ. ಇಲ್ಲಿಗೇ ನಿಂತಿದ್ದರೆ ‘ಹಾಡುಗಳಿರಲಿಲ್ಲ’ ಎಂಬ ವಾಕ್ಯ ಪೂರ್ತಿ ನಿಜವಾಗುತ್ತಿತ್ತು.

ಅದು ಅಲ್ಲಿಗೇ ನಿಲ್ಲದಿದ್ದುದಕ್ಕೆ ಕಾರಣ ಬಿ.ವಿ. ಕಾರಂತ. ಅವರು ನವ್ಯರ ಗೆಳೆಯರು, ಆದರೆ ನವ್ಯರ ಹಾಗೆ ಕಾಲೇಜಿನಿಂದ ಬಂದವರಲ್ಲ. ಬಂಟ್ವಾಳದ ಮಂಚಿಯಿಂದ ಬಂದು ಗುಬ್ಬಿ ವೀರಣ್ಣನವರ ಕಂಪನಿ ಸೇರಿದ ಹುಡುಗ. ಮುಂದೆ ಕಾಶಿಯಲ್ಲಿ ಓಂಕಾರನಾಥ ಠಾಕೂರರ ಬಳಿ ಸಂಗೀತ, ದಿಲ್ಲಿಯಲ್ಲಿ ನಾಟಕ ಶಾಲೆ. ಕಂಪನಿ ನಾಟಕದ ಹಾರ್ಮೋನಿಯಂ ಅವರ ಕಿವಿಯಲ್ಲಿ ಮೊದಲೇ ಕೂತಿತ್ತು. ನವ್ಯರು ಹೊರಗೆ ಹಾಕಿದ ಹಾಡಿನ ಬಗ್ಗೆ ಅವರಿಗೆ ಮುಜುಗರವಿರಲಿಲ್ಲ. ಹಾಗೆಂದು ಕಂಪನಿಯ ಹಾಡನ್ನು ಇದ್ದ ಹಾಗೇ ತಂದು ಇಡಲೂ ಇಲ್ಲ. ವೈದೇಹಿಯವರು ನಿರೂಪಿಸಿದ ಅವರ ಆತ್ಮಕಥನದ ಹೆಸರು ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’. ಅವರ ಬದುಕಿನ ಬಗ್ಗೆ ಇಟ್ಟ ಹೆಸರಾದರೂ ಅವರ ಸಂಗೀತಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆ.

‘ಚೋಮನ ದುಡಿ’ಯನ್ನು (1975) ಈ ಕಿವಿಯಿಂದ ನೋಡಬೇಕು. ಶಿವರಾಮ ಕಾರಂತರ ಕಾದಂಬರಿಯ ಹೆಸರಿನಲ್ಲೇ ಒಂದು ವಾದ್ಯವಿದೆ. ಒಡೆಯರ ಅಂಗಳದಲ್ಲಿ ಚೋಮ ಮಾತಾಡಲಾರ; ಆಡಿದರೂ ಆ ಮಾತಿಗೆ ಬೆಲೆಯಿಲ್ಲ. ಬೇಸಾಯಕ್ಕೆ ತುಂಡು ನೆಲ ಬೇಕು ಎಂಬ ಒಂದೇ ಆಸೆ, ಅದು ಅವನ ಜಾತಿಗೆ ಸಲ್ಲದ ಆಸೆ. ಗುಡಿಸಲಿಗೆ ಬಂದ ಮೇಲೆ ಅವನ ಕೈ ದುಡಿಗೆ ಹೋಗುತ್ತದೆ. ಕುಡಿದಾಗಲೂ ಅದೇ ದುಡಿ, ದುಃಖಕ್ಕೂ ಸಿಟ್ಟಿಗೂ ಅದೇ ದುಡಿ. ಮಾಮೂಲಿ ಚಿತ್ರದಲ್ಲಿ ಹಾಡು ಬಂದರೆ ಕಥೆ ಕೊಂಚ ನಿಲ್ಲುತ್ತದೆ, ಪ್ರೇಕ್ಷಕ ಹಗುರಾಗುತ್ತಾನೆ. ಇಲ್ಲಿ ವಾದ್ಯ ಕೇಳಿಸಿದಾಗ ನಮ್ಮ ಹೊರೆ ಹೆಚ್ಚುತ್ತದೆ, ಏಕೆಂದರೆ ಹೇಳಲಾಗದೆ ಉಳಿದ ಮಾತೇ ಅದು. ಕೊನೆಯಲ್ಲಿ ಬಾಗಿಲು ಹಾಕಿಕೊಂಡು ಸಾಯುವ ತನಕ ಬಾರಿಸುವ ಚೋಮನ ಬಡಿತವನ್ನು ಕೇಳುವಾಗ, ಅದನ್ನು ‘ಹಿನ್ನೆಲೆ ಸಂಗೀತ’ ಎಂದು ಕರೆಯಲು ನಾಲಿಗೆ ಹೊರಳುವುದಿಲ್ಲ. ಅದು ಮುನ್ನೆಲೆಯೇ.

ಮುಂದಿನ ಎರಡು ವರ್ಷ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ಕಾರಂತರಿಗೇ ಬಂತು: 1976ಕ್ಕೆ ‘ಋಷ್ಯಶೃಂಗ’, 1977ಕ್ಕೆ ‘ಘಟಶ್ರಾದ್ಧ’. ಎರಡನೆಯದು ಸ್ವಾರಸ್ಯದ ಆಯ್ಕೆ. ಕಾಸರವಳ್ಳಿಯವರ ಆ ಚಿತ್ರದಲ್ಲಿ ಗುನುಗಿಕೊಂಡು ಹೊರಬರುವಂಥದ್ದು ಏನೂ ಇಲ್ಲ. ವೇದಪಾಠಶಾಲೆಯ ಹುಡುಗರ ಮಂತ್ರದ ಏರಿಳಿತ ಇದೆ, ಮಲೆನಾಡಿನ ಮನೆಯ ನಿಶ್ಶಬ್ದ ಇದೆ. ವಿಧವೆ ಯಮುನೆಯನ್ನು ಬದುಕಿರುವಾಗಲೇ ಸತ್ತವಳೆಂದು ಶ್ರಾದ್ಧ ಮಾಡಿ ಹೊರಹಾಕುವ ಲೋಕಕ್ಕೆ ಮಂತ್ರವೇ ಅಧಿಕಾರದ ದನಿ. ಅದರ ಇಂಪನ್ನು ಕೇಳಿಸಿ, ಆ ಇಂಪು ಯಾವುದಕ್ಕೆ ಕಾವಲು ನಿಂತಿದೆ ಎಂದು ತೋರಿಸುವುದು ಯಾವ ಶೋಕಗೀತೆಗಿಂತಲೂ ಕಟುವಾದ ಟೀಕೆ.

ಚಂದ್ರಶೇಖರ ಕಂಬಾರರದು ಇನ್ನೊಂದು ಬಾಗಿಲು. 1972ರಲ್ಲಿ ಕಾರಂತರ ನಿರ್ದೇಶನದಲ್ಲಿ ಬೆಂಗಳೂರಿನ ಬಯಲಲ್ಲಿ ಆಡಿದ ‘ಜೋಕುಮಾರಸ್ವಾಮಿ’ಯಿಂದ ಶುರುವಾದದ್ದು ಮೇಳದ ಹಾಡುಗಾರಿಕೆ: ನಟರೇ ಹಾಡುತ್ತಾರೆ, ಉಸಿರು ಕಟ್ಟಿದರೆ ಕಟ್ಟುತ್ತದೆ, ಶ್ರುತಿ ಅಷ್ಟಿಷ್ಟು ಜಾರಿದರೂ ನಾಟಕ ನಿಲ್ಲುವುದಿಲ್ಲ. ಅವರೇ ನಿರ್ದೇಶಿಸಿ ಸಂಗೀತವನ್ನೂ ಕೊಟ್ಟ ‘ಕಾಡು ಕುದುರೆ’ಯ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ 1978ರ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು, ಕನ್ನಡದ ಗಾಯಕರೊಬ್ಬರಿಗೆ ಆ ಗೌರವ ಅದೇ ಮೊದಲು. ಸುಬ್ಬಣ್ಣ ವೃತ್ತಿಯಿಂದ ವಕೀಲರು. ಪಿ.ಬಿ. ಶ್ರೀನಿವಾಸ್ ಅವರ ರೇಷ್ಮೆಯಂಥ ದನಿಗೆ ಒಗ್ಗಿದ್ದ ಕಿವಿಗೆ ಆ ಕಂಠ ಬಯಲಿನಿಂದ ಕೂಗಿದ ಹಾಗೆ ಕೇಳಿಸಿರಬೇಕು. ಹಾಡಲು ಯಾರಿಗೆ ಹಕ್ಕಿದೆ ಎಂಬ ಪ್ರಶ್ನೆಗೆ ಕನ್ನಡ ಸಿನಿಮಾ ಕೊಟ್ಟ ಒಂದು ಒಳ್ಳೆಯ ಉತ್ತರ ಅದು.

ಅದೇ ಪ್ರಶ್ನೆ ಆ ದಶಕದಲ್ಲಿ ರಂಗಮಂದಿರದ ಹೊರಗೂ ಕೇಳಿಸುತ್ತಿತ್ತು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದದ್ದು ‘ಚೋಮನ ದುಡಿ’ ಬಂದ 1975ರಲ್ಲೇ. ಪುಸ್ತಕದಿಂದ ಆ ಕವಿತೆಗಳು ಮೆರವಣಿಗೆಗಳಿಗೆ ಇಳಿದವು, ತಮಟೆಯ ಜೊತೆ ಸೇರಿದವು. ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಯಲ್ಲಿ ತಮಟೆಯ ಸ್ಥಾನ ಏನು ಎಂಬುದು ಹಳ್ಳಿಯಲ್ಲಿ ಹುಟ್ಟಿದವರಿಗೆ ಗೊತ್ತು: ಉತ್ಸವದ ಮುಂದೆ ತಮಟೆ ಬೇಕೇ ಬೇಕು, ಗುಡಿಯೊಳಕ್ಕೆ ತಮಟೆಯವನು ಬೇಡ. ಹಾಗಾಗಿ ಚರ್ಮವಾದ್ಯ ಮುಂದಕ್ಕೆ ಬಂದದ್ದನ್ನು ಬರೀ ಶೈಲಿಯ ಬದಲಾವಣೆ ಎಂದು ವಿವರಿಸಿದರೆ ಸಾಲದು. ಅಡಿಗರ ಚಂಡೆಮದ್ದಳೆ, ಚೋಮನ ದುಡಿ, ಸಿದ್ಧಲಿಂಗಯ್ಯನವರ ಜೊತೆಗಿದ್ದ ತಮಟೆ, ಮೂರೂ ಒಂದೇ ಅಲ್ಲ. ಮೊದಲನೆಯದು ರೂಪಕ. ಎರಡನೆಯದರಲ್ಲಿ ಮೇಲ್ಜಾತಿಯ ಕಲಾವಿದರು ಸಹಾನುಭೂತಿಯಿಂದ ಕೇಳಿಸಿಕೊಂಡ ದನಿ. ಮೂರನೆಯದನ್ನು ಬಾರಿಸಿದವರೇ ಹಾಡಿದರು. ಹೊಸ ಅಲೆಯ ಚರಿತ್ರೆ ಎರಡನೆಯದಕ್ಕೆ ಬಂದು ಮುಗಿಯುವುದು ನನಗೆ ಒಪ್ಪಿಗೆಯಿಲ್ಲ.

ಎಂಬತ್ತರ ದಶಕದಲ್ಲಿ ಕ್ಯಾಸೆಟ್ ಬಂತು, ಅದರೊಂದಿಗೆ ಸುಗಮ ಸಂಗೀತದ ದೊಡ್ಡ ಮಾರುಕಟ್ಟೆ. ಇಲ್ಲಿನ ಮುಖ್ಯ ಹೆಸರು ಸಿ. ಅಶ್ವಥ್. 1977ರ ‘ಕಾಕನಕೋಟೆ’ಯಿಂದ ಚಿತ್ರಸಂಗೀತಕ್ಕೆ ಬಂದ, ಐ.ಟಿ.ಐ. ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅವರ ಕಂಠ ಆ ಅಲೆಯದೇ. ಏರಿದಾಗ ಬಿರಿಯುವ, ಅದನ್ನು ಮುಚ್ಚಿಡದ ಕಂಠ. ಶರೀಫರ ತತ್ವಪದಗಳನ್ನು ಅವರು ಹಾಡಿದ ಮೇಲೆ ಬೇರೆಯವರ ಬಾಯಲ್ಲಿ ಅವು ಬಹುಕಾಲ ಸಪ್ಪೆ ಎನಿಸಿದವು. ಆದರೆ ಅವರ ಸುತ್ತ ಕಟ್ಟಿದ ವಾದ್ಯಮೇಳ ಬರಬರುತ್ತಾ ಹಿಗ್ಗುತ್ತಾ ಹೋಯಿತು. 2005ರಲ್ಲಿ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’ದ ಜನಸಾಗರ, ಬೆಳಕು, ಸಾಮೂಹಿಕ ಗಾಯನ ಎಲ್ಲವೂ ಸಂಭ್ರಮದ್ದೇ, ನಿಜ. ‘ಬೇಡ’ ಎಂದ ಮನಸ್ಸು ಮಾತ್ರ ಅಲ್ಲಿ ಉಳಿದಿರಲಿಲ್ಲ. ಗೇಯತೆಯನ್ನು ಅನುಮಾನಿಸಿದ ಅಡಿಗರು ಕೂಡ ಇಂದು ಹೆಚ್ಚಿನವರಿಗೆ ಗೊತ್ತಿರುವುದು 1997ರ ‘ಅಮೆರಿಕಾ ಅಮೆರಿಕಾ’ ಚಿತ್ರದಲ್ಲಿ ಹಾಡಾದ ಕವಿತೆಯಿಂದ. ಅದು ಅವರು ನವ್ಯರಾಗುವುದಕ್ಕೆ ಮುಂಚಿನ ಕವಿತೆ.

ಈಗ ಗಿಟಾರ್ ಹಿಡಿದು ಜನಪದ ಹಾಡಿದ್ದನ್ನೆಲ್ಲ ‘ಕನ್ನಡದ ಹೊಸ ಅಲೆ ಸಂಗೀತ’ ಎಂದು ಕರೆಯುವುದು ವಾಡಿಕೆ. 2008ರಲ್ಲಿ ಬಂದ ರಘು ದೀಕ್ಷಿತರ ಮೊದಲ ಆಲ್ಬಂ ಶರೀಫರನ್ನು ಕಾಲೇಜು ಹುಡುಗರಿಗೆ ಮತ್ತೆ ಕೊಟ್ಟಿತು, ಕಂಠದಲ್ಲಿ ದಮ್ಮೂ ಇದೆ. ನನ್ನ ಹಿಂಜರಿಕೆ ಬೇರೆ ಕಡೆಯದು. ಅಲ್ಲಿ ಶರೀಫರ ಹಾಡು ಒಳಗೆ ಬರುವಾಗ ಯಾವುದೂ ಹೊರಗೆ ಹೋಗುವುದಿಲ್ಲ. ಗಿಟಾರೂ ಇರಲಿ, ಪಿಟೀಲೂ ಇರಲಿ, ಪಂಚೆ ಗೆಜ್ಜೆಯೂ ಇರಲಿ. ಎಲ್ಲಕ್ಕೂ ‘ಇರಲಿ’ ಎನ್ನುವ ಈ ಸಂಗೀತ ಖುಷಿ ಕೊಡುತ್ತದೆ. ಕಿವಿಯನ್ನು ಮಾತ್ರ ಇದ್ದಲ್ಲೇ ಬಿಡುತ್ತದೆ. ಮಗ್ಗದ ಬೀದಿಯಲ್ಲಿ ಬೆಳೆದ ನನಗೆ ಇದನ್ನು ಕೇಳುವಾಗೆಲ್ಲ ಒಂದು ತಲೆಹರಟೆ ಯೋಚನೆ ಬರುತ್ತದೆ. ದೊಡ್ಡಬಳ್ಳಾಪುರದಲ್ಲಿ ಹಗಲಿರುಳು ಬಡಿಯುವ ವಿದ್ಯುತ್ ಮಗ್ಗಗಳಿವೆ, ಒಂದರ ಲಯ ಇನ್ನೊಂದಕ್ಕೆ ಕೂಡದೆ ಇಡೀ ಬೀದಿ ತಾಳ ತಪ್ಪಿದ ಮೇಳದಂತಿರುತ್ತದೆ. ಕೈಗೆ ಸಿಕ್ಕ ವಸ್ತುವಿನಿಂದ ನಾದ ತೆಗೆಯುತ್ತಿದ್ದ ಕಾರಂತರಿಗೆ ಅದು ಬೇಕಾಗುತ್ತಿತ್ತು. ನಮ್ಮ ಬ್ಯಾಂಡುಗಳಿಗೆ ಊರು ಎಂದರೆ ಇನ್ನೂ ಡೊಳ್ಳು, ಕೊಳಲು.

ಈ ಸಂಗೀತ ಚರಿತ್ರೆಯಿಂದ ಜಾರಿಹೋದದ್ದಕ್ಕೆ ಒಂದು ಸಾದಾ ಕಾರಣವೂ ಇದೆ. ನಮ್ಮ ಸಂಗೀತದ ಚರಿತ್ರೆಯನ್ನು ಹಾಡುಗಳ ಪಟ್ಟಿಯಿಂದ, ಧ್ವನಿಸುರುಳಿಗಳಿಂದ ಬರೆಯುತ್ತೇವೆ. ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಹಾಕಲಾಗದ ದುಡಿಯ ಬಡಿತ, ಮಂತ್ರದ ನಡುವಿನ ಮೌನ ಆ ಪಟ್ಟಿಯಲ್ಲಿ ಸೇರುವುದಿಲ್ಲ. ಅವು ಚಿತ್ರದೊಳಗೇ ಇವೆ. ಹಳೆಯ ಪ್ರತಿಯಿಂದ ಇಳಿಸಿದ, ಸದ್ದು ಅರ್ಧ ಸವೆದ ಕಡತಗಳಲ್ಲಿ ನಾವು ಅವನ್ನು ನೋಡುತ್ತೇವೆ, ಅದೂ ಫೋನಿನ ಸ್ಪೀಕರಿನಲ್ಲಿ. ಕಾರಂತರ ರಂಗಗೀತೆಗಳ ಗತಿ ಕೊಂಚ ವಾಸಿ. ಹವ್ಯಾಸಿ ತಂಡಗಳಲ್ಲಿ ಸ್ವರಲಿಪಿ ಇಲ್ಲದೆ ಹಿರಿಯ ನಟರಿಂದ ಹೊಸಬರಿಗೆ ಬಾಯಿಂದ ಬಾಯಿಗೆ ಸಾಗಿಬಂದಿವೆ. ನಾನು ಕಂಡ ಒಂದು ಕಾಲೇಜು ತಂಡದಲ್ಲಿ ಹಾರ್ಮೋನಿಯಂ ಸಿಗದೆ ಹುಡುಗಿಯರು ಬೆಂಚು ತಟ್ಟಿಕೊಂಡು ‘ಜೋಕುಮಾರಸ್ವಾಮಿ’ಯ ಹಾಡು ಕಲಿಯುತ್ತಿದ್ದರು. ಶ್ರುತಿ ಎಲ್ಲೆಲ್ಲಿಗೋ ಹೋಗುತ್ತಿತ್ತು. ತಾಳ ಮಾತ್ರ ಗಟ್ಟಿಯಾಗಿತ್ತು.